ಹದಿನಾರು ಮಕ್ಕಳ ಪರ್ಸೆಂಟೇಜ್ ಹಿಡಿದು ಮೇಷ್ಟ್ರಿಗೆ ನೋಟಿಸ್ ಕೊಡಬೇಡಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ 27 ವರ್ಷ ಗಣಿತ ಕಲಿಸಿ ಈಗ ನಿವೃತ್ತನಾಗಿದ್ದೇನೆ. ಸರ್ವೀಸಿನಲ್ಲಿದ್ದಾಗ ಹೀಗೆ ಬರೆಯುವ ಹಾಗಿರಲಿಲ್ಲ. ಕೇಳಿಕೊಳ್ಳುವುದು ಒಂದೇ. ಒಂದು ವರ್ಷದ ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ನೋಡಿ ಚಿಕ್ಕ ಶಾಲೆಗಳ ಶಿಕ್ಷಕರಿಗೆ ನೋಟಿಸ್ ಕೊಡುವುದನ್ನು ನಿಲ್ಲಿಸಿ.

2025ರ ಮೇ ತಿಂಗಳಲ್ಲಿ ರಿಸಲ್ಟ್ ಬಂದ ಸ್ವಲ್ಪ ದಿನಕ್ಕೆ ನಮ್ಮನ್ನು ಒಂದು ಸಭೆಗೆ ಕರೆದರು. ಫಲಿತಾಂಶ ಕಡಿಮೆ ಬಂದ ಶಾಲೆಗಳ ಹೆಸರು ಓದುತ್ತಾ ಹೋದರು, ಹೆಸರು ಬಂದವರು ಎದ್ದು ನಿಲ್ಲಬೇಕು. ನಾನೂ ನಿಂತೆ. ನಿವೃತ್ತಿಗೆ ಹತ್ತಿರವಾದ ವಯಸ್ಸು, ಮಂಡಿ ನೋವು. ನನ್ನ ಪಕ್ಕದಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು, ಸರ್ವೀಸಿಗೆ ಸೇರಿ ಆರು ವರ್ಷವಾದ ಹುಡುಗ. ಎದುರಿಗೆ ಕೂತಿದ್ದವರಲ್ಲಿ ನಾನೇ ಕಲಿಸಿದ ಹುಡುಗಿಯೊಬ್ಬಳಿದ್ದಳು, ಈಗ ಬೇರೆ ಶಾಲೆಯಲ್ಲಿ ಟೀಚರ್. ಅವಳು ತಲೆ ತಗ್ಗಿಸಿದಳು. ಅರ್ಧ ಗಂಟೆ ನಿಲ್ಲಿಸಿದರು ಸರ್. ಆಮೇಲೆ ಕಾರಣ ಕೇಳಿ ನೋಟಿಸ್ ಕೈಗೆ ಬಂತು: 'ಕಳೆದ ಸಾಲಿನ ಶೇ. 61ರಿಂದ ಈ ಸಾಲಿನಲ್ಲಿ ಶೇ. 50ಕ್ಕೆ ಕುಸಿದಿದೆ, ನಿಮ್ಮ ನಿರ್ಲಕ್ಷ್ಯವೇ ಕಾರಣವೆಂದು ಏಕೆ ಪರಿಗಣಿಸಬಾರದು?'

ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. 2024ರಲ್ಲಿ ನಮ್ಮಲ್ಲಿ ಪರೀಕ್ಷೆ ಬರೆದವರು 18 ಮಕ್ಕಳು, ಪಾಸಾದವರು 11. 2025ರಲ್ಲಿ ಬರೆದವರು 16, ಪಾಸಾದವರು 8. ಒಂದು ಮಗು ಅಂದರೆ ಶೇ. 6ಕ್ಕಿಂತ ಜಾಸ್ತಿ. ಒಬ್ಬನಿಗೆ ಪರೀಕ್ಷೆಯ ಹಿಂದಿನ ದಿನ ಜ್ವರ ಬಂದರೆ ಶಾಲೆಯ ಹಣೆಬರಹ ಬದಲಾಗುತ್ತದೆ.

ಇನ್ನೊಂದು ಮಾತು ನಿಮಗೆ ಗೊತ್ತೇ ಇದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು ಬಂತು, ಫಲಿತಾಂಶ ಬಿತ್ತು, ಕೃಪಾಂಕವನ್ನು (ಗ್ರೇಸ್ ಮಾರ್ಕ್ಸ್) ಶೇ. 10ರಿಂದ 20ಕ್ಕೆ ಏರಿಸಲಾಯಿತು. ಅಷ್ಟು ಏರಿಸಿದ ಮೇಲೂ ರಾಜ್ಯದ ಫಲಿತಾಂಶ 73.40 ಆಯಿತು, ಹಿಂದಿನ ವರ್ಷ ಅದು 83.89 ಇತ್ತು. 2025ರಲ್ಲಿ ಆ ಕೃಪಾಂಕ ಇರಲಿಲ್ಲ. ನಮ್ಮ ಶಾಲೆಯ ಆ 11 ಮಕ್ಕಳಲ್ಲಿ ನಾಲ್ವರು ಕೃಪಾಂಕದಿಂದ ದಾಟಿದವರು. ಅದನ್ನು ತೆಗೆದರೆ 18ಕ್ಕೆ 7, ಅಂದರೆ ಶೇ. 39. ಮರುವರ್ಷ ಕೃಪಾಂಕ ಇಲ್ಲದೇ ಶೇ. 50. ಹಾಗಾದರೆ ನಾವು ಕುಸಿದೆವಾ, ಏರಿದೆವಾ? ಅದನ್ನು ನನ್ನ ಸಾಧನೆ ಅಂತಲೂ ನಾನು ಹೇಳುವುದಿಲ್ಲ. ಇಷ್ಟು ಕಡಿಮೆ ಮಕ್ಕಳ ಲೆಕ್ಕದಲ್ಲಿ ಏರಿಕೆಗೂ ಅರ್ಥವಿಲ್ಲ, ಇಳಿಕೆಗೂ ಅರ್ಥವಿಲ್ಲ. ನೋಟಿಸ್ ಬರೆದವರಿಗೆ ಇಷ್ಟು ತಿಳಿದಿರಬೇಕಿತ್ತು.

ಒಂದು ಶಾಲೆಯ ಕಲಿಕೆಯ ಮಟ್ಟ ನಿಜಕ್ಕೂ ನೂರಕ್ಕೆ 70 ಮಕ್ಕಳು ಪಾಸಾಗುವಷ್ಟಿದೆ ಎಂದುಕೊಳ್ಳಿ. ಅಲ್ಲಿ 16 ಮಕ್ಕಳಿದ್ದರೆ, ಪಾಠದಲ್ಲಿ ಏನೂ ಬದಲಾಗದಿದ್ದರೂ ಒಂದು ವರ್ಷ 9 ಜನ ಪಾಸಾಗಬಹುದು, ಇನ್ನೊಂದು ವರ್ಷ 13 ಜನ. ಅಂದರೆ ಒಮ್ಮೆ ಶೇ. 56, ಒಮ್ಮೆ 81. ಅದೇ 160 ಮಕ್ಕಳ ಶಾಲೆಯಾದರೆ ಏರಿಳಿತ ಹೆಚ್ಚುಕಡಿಮೆ 65ರಿಂದ 75ರೊಳಗೇ ನಿಲ್ಲುತ್ತದೆ. ಹಾಗಾಗಿಯೇ ಪ್ರತಿ ವರ್ಷ ಶೇ. 100 ಬಂದ ಪಟ್ಟಿಯಲ್ಲೂ ಚಿಕ್ಕ ಶಾಲೆಗಳೇ ಜಾಸ್ತಿ ಇರುತ್ತವೆ, ಕೊನೆಯ ಪಟ್ಟಿಯಲ್ಲೂ ಅವೇ. ಮೇಲೆ ಬಂದವರಿಗೆ ಶಾಲು, ಕೆಳಗೆ ಬಂದವರಿಗೆ ನೋಟಿಸ್. ಮರುವರ್ಷ ಇಬ್ಬರೂ ಜಾಗ ಬದಲಿಸಬಹುದು, ಆಗ ಶಾಲು ಹಾಕಿಸಿಕೊಂಡವರಿಗೂ ನೋಟಿಸ್.

ಫೇಲಾದವರಲ್ಲಿ ಒಬ್ಬಳ ಬಗ್ಗೆ ಹೇಳಲೇಬೇಕು. ಮೂರು ಪೇಪರ್ ಬರೆದಳು. ನಾಲ್ಕನೆಯದರ ಹೊತ್ತಿಗೆ ಅಪ್ಪ ಅಮ್ಮ ಗುಳೆ ಹೊರಟಿದ್ದರು, ತಮ್ಮನನ್ನು ನೋಡಿಕೊಳ್ಳಲು ಇವಳನ್ನೂ ಕರೆದುಕೊಂಡು ಹೋದರು. ನಾನು ಬಸ್ ಸ್ಟ್ಯಾಂಡಿಗೆ ಓಡಿದಾಗ ಬಸ್ ಹೋಗಿತ್ತು. ಫೋನಿನಲ್ಲಿ ಮಾತಾಡಿ, ಕೈಮುಗಿದು, ಅದೇ ವರ್ಷದ ಎರಡನೇ ಅವಕಾಶವಾದ ಪರೀಕ್ಷೆ-2ಕ್ಕೆ ವಾಪಸ್ ಕರೆಸಿದೆವು. ಪಾಸಾದಳು. ಇನ್ನಿಬ್ಬರೂ ಆಮೇಲೆ ಪಾಸಾದರು. 16ಕ್ಕೆ 11 ಆಯಿತು, ಶೇ. 69ರ ಹತ್ತಿರ. ಆದರೆ ನಮ್ಮನ್ನು ನಿಲ್ಲಿಸಿದ ದಿನ ಪರೀಕ್ಷೆ-2 ಇನ್ನೂ ನಡೆದೇ ಇರಲಿಲ್ಲ! ಮೂರು ಪರೀಕ್ಷೆಯ ವ್ಯವಸ್ಥೆ ತಂದವರು ನೀವೇ. ಮಕ್ಕಳಿಗೆ ಮೂರು ಅವಕಾಶ, ಮೇಷ್ಟ್ರಿಗೆ ಒಂದೇನಾ?

2024ರಲ್ಲಿ ಉಡುಪಿ ಜಿಲ್ಲೆಯ ಫಲಿತಾಂಶ ಶೇ. 94, ಯಾದಗಿರಿಯದು 50.59. ಈ ಅಂತರವನ್ನೆಲ್ಲ ಮೇಷ್ಟ್ರುಗಳೇ ತಂದರಾ? ಅಮೆರಿಕದಲ್ಲೂ ಮಕ್ಕಳ ಅಂಕ ನೋಡಿ ಶಿಕ್ಷಕರನ್ನು ಅಳೆಯುವ ಹುಚ್ಚು ಜೋರಾಗಿತ್ತು. 2014ರಲ್ಲಿ ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘ, ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್, ಒಂದು ಹೇಳಿಕೆ ಕೊಟ್ಟಿತು: ಹೆಚ್ಚಿನ ಅಧ್ಯಯನಗಳ ಪ್ರಕಾರ ಮಕ್ಕಳ ಅಂಕಗಳ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14. ನಮ್ಮಲ್ಲಿ ಇಂಗ್ಲಿಷ್ ಹುದ್ದೆ ಖಾಲಿ, ಅತಿಥಿ ಶಿಕ್ಷಕರು ವರ್ಷ ಅರ್ಧ ಆಗುವ ಹೊತ್ತಿಗೆ ಬರುತ್ತಾರೆ. ಅದು ಯಾರ ನಿರ್ಲಕ್ಷ್ಯ ಸರ್?

ಈಗ 2025-26ರಿಂದ ಪಾಸಿನ ಗೆರೆಯನ್ನೂ 35ರಿಂದ 33ಕ್ಕೆ ಇಳಿಸಿದ್ದೀರಿ, 625ಕ್ಕೆ 206 ಬಂದು ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಇದ್ದರೆ ಸಾಕು. ಮಕ್ಕಳಿಗೆ ಒಳ್ಳೆಯದಾಗಲಿ. ಆದರೆ ಗೆರೆ ಬದಲಾದ ಮೇಲೆ ಹಳೆಯ ಪರ್ಸೆಂಟೇಜ್ ಪಕ್ಕ ಹೊಸದನ್ನು ಇಟ್ಟು 'ಸುಧಾರಣೆ' ಅನ್ನುವ ಹಾಗಿಲ್ಲ ಅಲ್ವಾ? ಅದೇ ಮಾತು ನಮ್ಮ 'ಕುಸಿತ'ಕ್ಕೂ ಅನ್ವಯಿಸುತ್ತದೆ.

ಹೊಸದೇನೂ ಬೇಡ. ಹಿಂದಿನ ತರಗತಿಯ ಪಾಠ ಎಷ್ಟು ಬಂದಿದೆ ಅಂತ ನೋಡುವ ಸೇತುಬಂಧದ ಪೂರ್ವ ಪರೀಕ್ಷೆಯನ್ನು ಪ್ರತಿ ಜೂನಿನಲ್ಲಿ ನಾವೇ ಮಾಡುತ್ತೇವೆ. ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿಗೂ ನಂಬರ್ ಇದೆ. ಎಂಟನೇ ಕ್ಲಾಸಿಗೆ ಮಗು ಯಾವ ಮಟ್ಟದಲ್ಲಿ ಬಂತು, ಹತ್ತು ಮುಗಿಸುವಾಗ ಎಲ್ಲಿಗೆ ತಲುಪಿತು ಅಂತ ನೋಡಿ. ಭಾಗಾಕಾರ ಬಾರದೆ ಬಂದ ಹುಡುಗ ಗಣಿತದಲ್ಲಿ 25 ತೆಗೆದರೆ ನಿಮ್ಮ ಲೆಕ್ಕದಲ್ಲಿ ಫೇಲ್, ನನ್ನ ಮೂರು ವರ್ಷದ ದುಡಿಮೆ ಸೊನ್ನೆ. ಮೂರು ವರ್ಷದ ಮಕ್ಕಳನ್ನು ಒಟ್ಟು ಸೇರಿಸಿ, ಮೂರೂ ಪರೀಕ್ಷೆ ಮುಗಿದ ಮೇಲೆ ಸರಾಸರಿ ತೆಗೆಯಿರಿ. ಶೇಕಡಾ ಎಲ್ಲಿ ಬರೆದರೂ ಪಕ್ಕದಲ್ಲಿ ಮಕ್ಕಳ ಸಂಖ್ಯೆ ಬರೆಯಿರಿ. ಆಗಲೂ ಕಡಿಮೆ ಬಂದರೆ ಶಾಲೆಗೆ ಬಂದು ಕೇಳಿ, ಏನು ಬೇಕು ಅಂತ. ಸುಮ್ನೆ ನೋಟಿಸ್ ಕಳಿಸಬೇಡಿ. ಹೀಗೇ ಹೆದರಿಸಿದರೆ ಓದದ ಮಕ್ಕಳಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುವ ಯೋಚನೆ ಹುಟ್ಟುತ್ತದೆ. ಪರ್ಸೆಂಟೇಜ್ ಏರುತ್ತದೆ, ಮಗು ಬೀದಿಗೆ ಬೀಳುತ್ತದೆ.

ನನ್ನದು ಮುಗಿಯಿತು. ಆದರೆ ಆ ವಿಜ್ಞಾನದ ಮೇಷ್ಟ್ರಿಗೆ ಇನ್ನೂ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಸರ್ವೀಸ್ ಇದೆ. ಸಂಜೆ ಏಳರವರೆಗೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದವರು ಈಗ ವರ್ಗಾವಣೆ ಕೌನ್ಸೆಲಿಂಗ್ ಯಾವಾಗ ಅಂತ ಕೇಳುತ್ತಿದ್ದಾರೆ. ಅವರ ಫೈಲಿನಲ್ಲಿರುವ ಆ ನೋಟಿಸನ್ನು ವಾಪಸ್ ತೆಗೆದುಕೊಳ್ಳಿ. ಒಂದು ವರ್ಷದ ಪರ್ಸೆಂಟೇಜ್ ಮೇಲೆ ಕೊಟ್ಟ ಇಂಥ ನೋಟಿಸ್‌ಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಿ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ