ಡ್ರೆಸ್ಸಿಂಗ್ ಕೋಣೆಗೆ ಬೇಕಾದ ಸಮ್ಮೋಹನ

ಮಾನ್ಯ ಸಂಪಾದಕರಿಗೆ,

ಸಮ್ಮೋಹನದಿಂದ ನೋವು ಕಡಿಮೆಯಾಗುತ್ತದೆ ಎನ್ನುವುದು ಶುದ್ಧ ಕಣ್ಕಟ್ಟು, ಅದನ್ನು ನಂಬುವವರು ಮೂಢರು ಎಂಬ ಅರ್ಥದ ಓದುಗರೊಬ್ಬರ ಪತ್ರ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾಗಿತ್ತು. ಶಿರಸಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ‘ಸಮ್ಮೋಹನ ಶಿಬಿರ’ವನ್ನು ಕಂಡು ಅವರಿಗೆ ಸಿಟ್ಟು ಬಂದದ್ದು ಸಹಜವೇ, ಆ ಶಿಬಿರದ ಬಗ್ಗೆ ನನಗೂ ಹೇಳಲಿಕ್ಕಿದೆ. ಆದರೆ ಶಿಬಿರದವರ ಮೇಲಿನ ಸಿಟ್ಟಿಗೆ ವಿದ್ಯೆಯನ್ನೇ ಸುಳ್ಳೆಂದು ತಳ್ಳಿಹಾಕಿದರೆ ನಷ್ಟವಾಗುವುದು ನೋವು ತಿನ್ನುತ್ತಿರುವವರಿಗೆ. 31 ವರ್ಷ ನರ್ಸ್ ಆಗಿ, ಅದರಲ್ಲಿ ಹೆಚ್ಚಿನ ಕಾಲವನ್ನು ಡ್ರೆಸ್ಸಿಂಗ್ ಕೋಣೆಯಲ್ಲೇ ಕಳೆದು ನಿವೃತ್ತಳಾದ ನನಗೆ ಈ ವಿಷಯದಲ್ಲಿ ಸುಮ್ಮನಿರುವುದು ಕಷ್ಟವಾಯಿತು.

ಮೊದಲ ತೊಡಕು ಹೆಸರಿನಲ್ಲೇ ಇದೆ. ಹಿಪ್ನಾಟಿಸಂ ಎಂದರೆ ನಮ್ಮಲ್ಲಿ ಬಹುಕಾಲ ವಶೀಕರಣ, ಸಮ್ಮೋಹಿನಿ ವಿದ್ಯೆ ಎಂಬ ಮಾತುಗಳೇ ಬಳಕೆಯಲ್ಲಿದ್ದುದರಿಂದ, ಒಬ್ಬರು ಇನ್ನೊಬ್ಬರನ್ನು ವಶ ಮಾಡಿಕೊಳ್ಳುವುದು ಎಂಬ ಭಾವನೆ ಬೇರೂರಿಬಿಟ್ಟಿದೆ. ಜಾತ್ರೆಯ ಡೇರೆಗಳಲ್ಲಿ ಯಾರನ್ನೋ ವೇದಿಕೆಗೆ ಕರೆದು ಹಸಿ ಈರುಳ್ಳಿಯನ್ನು ಸೇಬೆಂದು ತಿನ್ನಿಸುವ ಆಟ ನೋಡಿದವರಿಗೆ ಬೇರೆ ಭಾವನೆ ಬರುವುದಾದರೂ ಹೇಗೆ? ಇಂಗ್ಲಿಷಿನ ಹೆಸರೂ ಅಷ್ಟೇನೂ ಸರಿಯಾದದ್ದಲ್ಲ. ಸ್ಕಾಟ್ಲೆಂಡಿನವನಾಗಿ ಮ್ಯಾಂಚೆಸ್ಟರಿನಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಜೇಮ್ಸ್ ಬ್ರೇಡ್ 1840ರ ದಶಕದಲ್ಲಿ ನಿದ್ರೆ ಎಂಬ ಅರ್ಥದ ಗ್ರೀಕ್ ಮಾತಿನಿಂದ ಈ ಹೆಸರನ್ನು ಕಟ್ಟಿದ. ಮುಂದೆ ಇದು ನಿದ್ರೆಯಲ್ಲ, ಮನಸ್ಸು ಒಂದೇ ಆಲೋಚನೆಯಲ್ಲಿ ನೆಟ್ಟು ನಿಲ್ಲುವ ಸ್ಥಿತಿ ಎಂದು ಮನಗಂಡು ಹೆಸರು ಬದಲಿಸಲು ಹೊರಟಾಗ, ಹಳೆಯ ಹೆಸರು ಆಗಲೇ ಜನರ ಬಾಯಿಗೆ ಬಿದ್ದಾಗಿತ್ತು. ಚಿಕಿತ್ಸೆಯ ಸಮ್ಮೋಹನದಲ್ಲಿ ರೋಗಿಗೆ ಎಲ್ಲವೂ ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಕಣ್ಣು ಬಿಟ್ಟು ಎದ್ದು ಹೋಗಬಹುದು. ಉಸಿರಿನ ಮೇಲೋ ಒಂದು ಬಿಂದುವಿನ ಮೇಲೋ ಗಮನ ನಿಲ್ಲಿಸಿ, ಮೈ ಸಡಿಲಾದ ಮೇಲೆ, ನೋವು ಇರುವ ಜಾಗ ತಂಪಾಗುತ್ತಿದೆ, ಮರಗಟ್ಟುತ್ತಿದೆ, ದೂರ ಸರಿಯುತ್ತಿದೆ ಎಂಬ ಸೂಚನೆಗಳನ್ನು ಕೊಡಲಾಗುತ್ತದೆ. ಇದಕ್ಕಿಂತ ಗಹನವಾದ ಮಂತ್ರವೇನೂ ಅದರಲ್ಲಿಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಬಹಳ ವರ್ಷಗಳ ಹಿಂದೆ ಆಲೆಮನೆಯಲ್ಲಿ ಕೊಪ್ಪರಿಗೆಯ ಕುದಿಯುವ ಕಬ್ಬಿನ ಹಾಲು ಮುಂಗೈ ಮೇಲೆ ಚೆಲ್ಲಿಕೊಂಡ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ನಮ್ಮಲ್ಲಿಗೆ ಬಂದಿದ್ದ. ಬೆಲ್ಲದ ಪಾಕ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಸುಟ್ಟ ಗಾಯದ ಡ್ರೆಸ್ಸಿಂಗ್ ಬಿಚ್ಚುವುದನ್ನು ಕಂಡವರಿಗೆ ಗೊತ್ತು, ಗಾಯಕ್ಕೆ ಕಚ್ಚಿಕೊಂಡ ಗಾಜ್ ಬಟ್ಟೆಯನ್ನು ಸಲೈನ್ ಹಾಕಿ ನೆನೆಸಿ ಎಷ್ಟೇ ನಾಜೂಕಾಗಿ ಎಬ್ಬಿಸಿದರೂ ಮಕ್ಕಳು ಹೇಗೆ ಕಿರುಚುತ್ತಾರೆಂದು. ಮೊದಲ ಎರಡು ದಿನ ಅವನನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಮೂರನೆಯ ದಿನ ಅವನ ಆಯಿ, ಇವನಿಗೆ ಯಕ್ಷಗಾನದ ಹುಚ್ಚು, ರಾತ್ರಿಯಿಡೀ ಆಟ ನೋಡಿ ಬಂದು ಮರುದಿನ ಅಡಿಕೆ ಹಾಳೆ ಕಟ್ಟಿಕೊಂಡು ಕುಣಿಯುತ್ತಾನೆ ಎಂದರು. ನಾನು ನೋವಿನ ಮಾತು ಎತ್ತದೆ, “ತಮಾ, ಬಣ್ಣದ ವೇಷ ರಂಗಸ್ಥಳಕ್ಕೆ ಬರುವಾಗ ಮೊದಲು ಎಂತ ಆಗ್ತದೆ, ಒಂದೂ ಬಿಡದೆ ಹೇಳು” ಎಂದೆ. ಅವನು ಕಣ್ಣು ಮುಚ್ಚಿ ಚಂಡೆಯ ಪೆಟ್ಟಿನಿಂದ ಶುರು ಮಾಡಿದ; ಪರದೆ ಹಿಡಿಯುವವರು, ದೊಂದಿಯ ಬೆಳಕು, ರಾಳದ ಪುಡಿ ಭಗ್ಗೆಂದದ್ದು, ಕೊನೆಗೆ ಪರದೆಯ ಮೇಲೆ ಕಾಣಿಸಿದ ಕಿರೀಟ. ನಾನು ಬಟ್ಟೆ ಬಿಡಿಸಿ, ತೊಳೆದು, ಬಿಳಿ ಮುಲಾಮು ಹಚ್ಚಿ ಪಟ್ಟಿ ಸುತ್ತಿದ ಮೇಲೆ ಅವನು ಕಣ್ಣು ಬಿಟ್ಟು ಕೇಳಿದ್ದು “ಆತಾ ಸಿಸ್ಟರೇ?” ಎಂದು. ನೋವು ನಿವಾರಕ ಔಷಧಿ ಮೂರೂ ದಿನ ಒಂದೇ ಪ್ರಮಾಣದಲ್ಲಿತ್ತು. ನಾನು ಮಾಡಿದ್ದು ಶಾಸ್ತ್ರೋಕ್ತ ಸಮ್ಮೋಹನವೆಂದು ಹೇಳಲಾರೆ, ಅದರ ಹೊಸ್ತಿಲಲ್ಲಿರುವ ಕೆಲಸ ಎನ್ನಬಹುದು.

ಹಾಗಾದರೆ ಅವನ ನೋವು ಸುಳ್ಳಾಗಿತ್ತೆ? ಸಮ್ಮೋಹನದ ಮಾತು ಬಂದಾಗಲೆಲ್ಲ ಏಳುವ ಈ ಪ್ರಶ್ನೆ ರೋಗಿಗಳನ್ನು ಬಹಳ ನೋಯಿಸುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿಯೂ ನೋವೆಂದರೆ ಇಂದ್ರಿಯದ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು. ಈ ಎರಡು ಎಳೆಗಳನ್ನು ಬಿಡಿಸಿ ತೋರಿಸಿದ ಪ್ರಯೋಗವೊಂದು 1997ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾಂಟ್ರಿಯಲ್‌ನಲ್ಲಿ ಪಿಯರ್ ರೆನ್‌ವಿಲ್ ಮತ್ತು ಸಂಗಡಿಗರು ಸ್ವಯಂಸೇವಕರ ಕೈಯನ್ನು ಬಿಸಿನೀರಿನಲ್ಲಿ ಇರಿಸಿ, ಸಮ್ಮೋಹನದ ಮೂಲಕ ಬಿಸಿಯ ತೀವ್ರತೆಯನ್ನು ಮುಟ್ಟದೆ ಅದರ ಅಸಹನೀಯತೆಯನ್ನಷ್ಟೇ ಹೆಚ್ಚು ಕಡಿಮೆ ಮಾಡುವ ಸೂಚನೆ ಕೊಟ್ಟರು. ಅದಕ್ಕೆ ತಕ್ಕಂತೆ ಮಿದುಳಿನ ಮುಂಭಾಗದ ಸಿಂಗ್ಯುಲೇಟ್ ಎಂಬ ಭಾಗದ ಚಟುವಟಿಕೆ ಏರಿಳಿಯಿತು. ಸ್ಪರ್ಶವನ್ನು ದಾಖಲಿಸುವ ಭಾಗದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕೈ ಅದೇ, ನೀರು ಅದೇ, ಸಂಕಟ ಮಾತ್ರ ಬೇರೆ. ಇದನ್ನು ನಟನೆ ಎನ್ನುವವರು ಮಿದುಳೂ ನಟಿಸುತ್ತದೆಂದು ಹೇಳಬೇಕಾದೀತು.

ನಮ್ಮ ದೇಶಕ್ಕೆ ಇದು ಹೊಸತೂ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯ ಜೇಮ್ಸ್ ಎಸ್ಡೇಲ್ 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ, ವೃಷಣದಲ್ಲಿ ನೀರು ತುಂಬಿಕೊಂಡಿದ್ದ ಕೈದಿಯೊಬ್ಬನನ್ನು ಆಗ ಮೆಸ್ಮೆರಿಸಂ ಎನ್ನುತ್ತಿದ್ದ ಕ್ರಮದಿಂದ ಮೈಮರೆಸಿ ಶಸ್ತ್ರಚಿಕಿತ್ಸೆ ಮಾಡಿದ. ಮುಂದೆ ಆನೆಕಾಲು ರೋಗದ ಭಾರೀ ಗಡ್ಡೆಗಳನ್ನೂ ಹೀಗೆ ತೆಗೆದೆನೆಂದು ಬರೆದಿಟ್ಟಿದ್ದಾನೆ. ರೋಗಿಯನ್ನು ಆ ಸ್ಥಿತಿಗೆ ತರಲು ಅವನ ಸಹಾಯಕರು ಗಂಟೆಗಟ್ಟಲೆ ಕೈಯಾಡಿಸುತ್ತ ಕೂರಬೇಕಿತ್ತು. 1846ರಲ್ಲಿ ಬೋಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಂದ ಮೇಲೆ ಆ ಶ್ರಮ ಯಾರಿಗೂ ಬೇಡವಾದದ್ದು ನ್ಯಾಯವೇ. ಅರಿವಳಿಕೆಯ ಬದಲಿಗೆ ಸಮ್ಮೋಹನ ಎಂದು ಇಂದು ಯಾರಾದರೂ ಹೇಳಿದರೆ ನಾನೇ ಅವರನ್ನು ಹೊರಗೆ ಕಳಿಸುವೆ. ಅರಿವಳಿಕೆಯ ಜೊತೆಗೆ ಎನ್ನುವುದು ಬೇರೆ ಮಾತು. ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1992ರಿಂದ ಥೈರಾಯ್ಡ್ ಮೊದಲಾದ ಶಸ್ತ್ರಚಿಕಿತ್ಸೆಗಳಿಗೆ ಸ್ಥಳೀಯ ಅರಿವಳಿಕೆ, ಸ್ವಲ್ಪ ಶಾಮಕ ಔಷಧಿ ಮತ್ತು ಸಮ್ಮೋಹನ ಮೂರನ್ನೂ ಕೂಡಿಸಿ ಬಳಸುತ್ತ ಬಂದಿದ್ದಾರೆ. ನ್ಯೂಯಾರ್ಕಿನ ಮೌಂಟ್ ಸೈನಾಯ್‌ನಲ್ಲಿ ಸ್ತನದ ಶಸ್ತ್ರಚಿಕಿತ್ಸೆಗೆ ಬಂದ 200 ಮಹಿಳೆಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಬರೀ 15 ನಿಮಿಷ ಸಮ್ಮೋಹನ ಪಡೆದವರಿಗೆ ಅರಿವಳಿಕೆಯ ಔಷಧಿ ಕಡಿಮೆ ಸಾಕಾಯಿತು, ಆಮೇಲಿನ ನೋವು ಮತ್ತು ವಾಕರಿಕೆಯೂ ಕಡಿಮೆಯಾಯಿತು.

ಎಲ್ಲರಿಗೂ ಇದು ಒಗ್ಗುವುದಿಲ್ಲ ಎನ್ನುವುದನ್ನು ಮುಚ್ಚಿಡಬಾರದು. ಆರೋಗ್ಯವಂತರಿಗೆ ಪ್ರಯೋಗಾಲಯದಲ್ಲಿ ನೋವು ಕೊಟ್ಟು ನೋಡಿದ 85 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸೂಚನೆಗೆ ಬೇಗ ಸ್ಪಂದಿಸುವವರಲ್ಲಿ ನೋವು ಶೇ 42ರಷ್ಟು, ಮಧ್ಯಮವಾಗಿ ಸ್ಪಂದಿಸುವವರಲ್ಲಿ ಶೇ 29ರಷ್ಟು ತಗ್ಗಿತ್ತು. ಸ್ಪಂದಿಸದವರಿಗೆ ಹೇಳಿಕೊಳ್ಳುವಂಥ ಪ್ರಯೋಜನವಿರಲಿಲ್ಲ. ಸ್ಪಂದಿಸುವ ಶಕ್ತಿ ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಅದಕ್ಕೂ ದಡ್ಡತನಕ್ಕೂ ಸಂಬಂಧವಿಲ್ಲ.

ಈಗ ಶಿಬಿರದ ವಿಷಯ. ನಮ್ಮ ಪರಿಚಯದವರ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡರೊಬ್ಬರು, ನಲವತ್ತೈದರ ಆಸುಪಾಸಿನವರು, ತಿಂಗಳುಗಟ್ಟಲೆ ಬೆನ್ನುನೋವಿನಿಂದ ನರಳುತ್ತಿದ್ದು, ಮರ ಏರುವವರಿಗೆ ಇದು ಇದ್ದದ್ದೇ ಎಂದುಕೊಂಡು ಅಂಥದೇ ಒಂದು ಶಿಬಿರಕ್ಕೆ 5,000 ರೂಪಾಯಿ ಕಟ್ಟಿ ಹೋದರು. ಮಾತ್ರೆಗಳನ್ನೆಲ್ಲ ಬಿಸಾಡಿ, ನೋವು ಇರುವುದು ತಲೆಯಲ್ಲಿ ಎಂದು ಅಲ್ಲಿ ಹೇಳಿದರಂತೆ. ಎರಡು ವಾರ ಹಗುರಾದ ಹಾಗೂ ಆಯಿತು, ಅದೇ ಅಪಾಯ. ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸುವ ಹೊತ್ತಿಗೆ ಬೆನ್ನುಮೂಳೆಯ ಕ್ಷಯ ಸಾಕಷ್ಟು ಮುಂದುವರಿದು ಕಾಲಿನ ಬಲ ಇಳಿದಿತ್ತು. ನೋವು ಎಂಬುದು ಮನೆಬಾಗಿಲಲ್ಲಿ ಬೊಗಳುವ ನಾಯಿ. ಯಾರು ಬಂದಿದ್ದಾರೆಂದು ನೋಡದೆ ಅದರ ಬಾಯಿ ಕಟ್ಟಬಾರದು. ಮೊದಲು ರೋಗನಿದಾನ, ಆಮೇಲೆ ಸಮ್ಮೋಹನ ಎಂಬ ಕ್ರಮ ತಪ್ಪಿದರೆ ಒಳ್ಳೆಯ ಸಮ್ಮೋಹನವೇ ಹೆಚ್ಚು ಹಾನಿ ಮಾಡುತ್ತದೆ.

ಮನಸ್ಸಿನ ನೋವಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಸಾವಿನ ದುಃಖ, ಅಪಘಾತದ ಭಯ, ನಿದ್ರೆಯಿಲ್ಲದ ರಾತ್ರಿಗಳು ಇವುಗಳಲ್ಲಿ ಆತಂಕ ಇಳಿಸಲು ತರಬೇತಿ ಪಡೆದ ಮನಃಶಾಸ್ತ್ರಜ್ಞರು ಆಪ್ತಸಮಾಲೋಚನೆಯ ಭಾಗವಾಗಿ ಸಮ್ಮೋಹನವನ್ನು ಬಳಸುವುದುಂಟು. ಆದರೆ ಮರೆತ ನೆನಪುಗಳನ್ನು ಅಗೆದು ತೆಗೆಯುತ್ತೇವೆ, ಪೂರ್ವಜನ್ಮ ತೋರಿಸುತ್ತೇವೆ ಎನ್ನುವವರಿಂದ ದೂರವಿರಬೇಕು. ಆ ಸ್ಥಿತಿಯಲ್ಲಿ ಮನಸ್ಸು ಕೇಳಿದ ಪ್ರಶ್ನೆಗೆ ತಕ್ಕಂತೆ ನೆನಪನ್ನು ಕಟ್ಟಿಕೊಡುತ್ತದೆ, ಕಟ್ಟಿದ ನೆನಪನ್ನು ರೋಗಿ ನಿಜವೆಂದೇ ನಂಬುತ್ತಾನೆ. ಭ್ರಮೆ, ಕಿವಿಯಲ್ಲಿ ಮಾತು ಕೇಳಿಸುವುದು ಮೊದಲಾದ ತೀವ್ರ ಕಾಯಿಲೆ ಇರುವವರು ಮನೋವೈದ್ಯರ ಒಪ್ಪಿಗೆಯಿಲ್ಲದೆ ಇದರ ಹತ್ತಿರವೂ ಸುಳಿಯಬಾರದು. ದುಃಖ ತಡೆಯಲಾರದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆ ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಅದಕ್ಕೆ 5,000 ರೂಪಾಯಿ ಕಟ್ಟಬೇಕಾಗಿಲ್ಲ.

ಭಾಷೆಯ ಬಗ್ಗೆಯೂ ಒಂದು ಮಾತು. ಮೊಬೈಲಿನಲ್ಲಿ ಸಿಗುವ ಸಮ್ಮೋಹನದ ಧ್ವನಿಮುದ್ರಣಗಳಲ್ಲಿ ಹೆಚ್ಚಿನವು ಕೇಳುಗರನ್ನು ಸಮುದ್ರತೀರಕ್ಕೆ ಕರೆದೊಯ್ದು ಅಲೆಗಳ ಸದ್ದು ಕೇಳಿಸುತ್ತವೆ. ಕಾರವಾರದ ಬೈತಖೋಲದಲ್ಲೋ ತದಡಿಯಲ್ಲೋ ಬಲೆ ಎಳೆದು ಭುಜ ಹಿಡಿದುಕೊಂಡವರಿಗೆ ಅಲೆಯ ಸದ್ದು ವಿಶ್ರಾಂತಿಯಲ್ಲ, ಅದು ಕೆಲಸದ ಕರೆ. ಘಟ್ಟದ ಮೇಲಿನ ತೋಟಿಗರಿಗೆ ಕೈ ಮರಗಟ್ಟಿಸುವ ಸೂಚನೆ ಕೊಡಬೇಕಾದರೆ, ಅಡಿಕೆ ದಬ್ಬೆಯಲ್ಲಿ ಹರಿದು ಬಂದು ಬೀಳುವ ಅಬ್ಬಿ ನೀರಿಗೆ ಜನವರಿಯ ಬೆಳಗಿನ ಜಾವ ಕೈಯೊಡ್ಡಿದಂತೆ ಎಂದರೆ ಸಾಕು, ಹೇಳುವ ಮೊದಲೇ ಬೆರಳು ಜೋಮು ಹಿಡಿಯುತ್ತದೆ. ಹಾಗಾಗಿ ಹೊರಗಿನಿಂದ ಬರುವ ಶಿಬಿರದವರಿಗಿಂತ ಇಲ್ಲಿನ ಭಾಷೆ ಬಲ್ಲ ಆಸ್ಪತ್ರೆಯವರೇ ಈ ಕೆಲಸಕ್ಕೆ ತಕ್ಕವರು.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಚಿಕಿತ್ಸೆಗೆ ಇಂದಿಗೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವ ಸ್ಥಿತಿ ಇದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ನಡೆದ ಹೋರಾಟ ಯಾರಿಗೂ ಮರೆತಿಲ್ಲ. ಆ ಬೇಡಿಕೆಯ ಮುಂದೆ ಸಮ್ಮೋಹನದ ಮಾತು ಹಾಸ್ಯಾಸ್ಪದವೆನಿಸಬಹುದು. ಆದರೆ ಇದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಅರಿವಳಿಕೆ ಮತ್ತು ಮನೋವೈದ್ಯ ವಿಭಾಗಗಳು ಕೂಡಿ, ಬಲ್ಲವರನ್ನು ಕರೆಸಿ, ಸುಟ್ಟಗಾಯದ ವಾರ್ಡು, ಹೆರಿಗೆ ವಾರ್ಡು ಮತ್ತು ಡ್ರೆಸ್ಸಿಂಗ್ ಕೋಣೆಗಳ ನರ್ಸ್‌ಗಳಿಗೆ ತರಬೇತಿ ಏರ್ಪಡಿಸಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ತಪಾಸಣೆ ನಡೆಸುವ ಮನೋಚೈತನ್ಯ ಕಾರ್ಯಕ್ರಮದ ದಿನ ದೀರ್ಘಕಾಲದ ನೋವಿನವರನ್ನೂ ನೋಡಬಹುದು. ಆರಂಭ ಇನ್ನೂ ಸರಳವಾಗಿರಬಹುದು. ಸೂಜಿ ಚುಚ್ಚುವ ಮೊದಲು ನೋವಾಗುತ್ತದೆ, ಉರಿಯುತ್ತದೆ ಎಂಬ ಮಾತು ಆಡಿದರೆ ರೋಗಿಯ ನೋವು ಮತ್ತು ಆತಂಕ ಹೆಚ್ಚುತ್ತವೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. “ಇರುವೆ ಕಚ್ಚಿದ ಹಾಗೆ ಆಗ್ತದೆ ಅಷ್ಟೇ” ಎಂದು ಸಾವಿರಾರು ಜನರಿಗೆ ಹೇಳಿದ ನನಗೆ ಅದನ್ನು ಓದಿ ನಾಚಿಕೆಯಾಯಿತು.

ಪವಾಡ ಚಿಕಿತ್ಸೆಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆ 1954ರಲ್ಲೇ ಆಗಿದ್ದರೂ ಬಸ್ ನಿಲ್ದಾಣದ ಗೋಡೆಗಳಿಗೆ ಅದರ ಹೆದರಿಕೆ ಇಲ್ಲ. ಜಿಲ್ಲಾಡಳಿತ ಇದನ್ನು ಗಮನಿಸಬೇಕು. ತಾವೂ ಬೇಸರಿಸಬಾರದು, ತಮ್ಮ ಪತ್ರಿಕೆಯ ವರ್ಗೀಕೃತ ಪುಟದಲ್ಲಿ ಸ್ತ್ರೀ ಪುರುಷ ವಶೀಕರಣದ ಜಾಹೀರಾತುಗಳು ಈಗಲೂ ಬರುತ್ತಿವೆ. ಈ ಪತ್ರವನ್ನು ಪ್ರಕಟಿಸುವುದಾದರೆ ದಯವಿಟ್ಟು ಆ ಪುಟದಲ್ಲಿ ಹಾಕಬಾರದಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ನರ್ಸ್, ಶಿರಸಿ