ನಜರೆಯಿಂದ ದಿನೇಶನಿಗೆ

ಪ್ರೀತಿಯ ದಿನೇಶ,

ನಜರೆಯ ದೊಡ್ಡ ಅಲೆಯ ವಿಡಿಯೋ ಕಳಿಸು ಅಂತ ಮತ್ತೆ ಮತ್ತೆ ಮೆಸೇಜು ಹಾಕ್ತಿದ್ದೀಯಲ್ಲ, ಕಳಿಸುವುದಿಲ್ಲ ಮಾರಾಯ. ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. 2020ರ ಅಕ್ಟೋಬರಿನಲ್ಲಿ ಸೆಬಾಸ್ಟಿಯನ್ ಸ್ಟ್ಯೂಟ್ನರ್ ಎಂಬ ಜರ್ಮನಿಯವನು 26.21 ಮೀಟರ್ ಎತ್ತರದ ಅಲೆಯ ಮೇಲೆ ಸರ್ಫ್ ಹಲಗೆ ಹಾಕಿ ಇಳಿದದ್ದು ಇಲ್ಲೇ. ಅದನ್ನು ನೋಡು. ನಾನು ಹೇಳಬೇಕೆಂದಿರುವುದು ಊರಿನ ಬಗ್ಗೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ನಮ್ಮ ಬೋಟಿನ ಹುಡುಗರೂ ಓದಲಿ.

ನಜರೆ ಪೋರ್ಚುಗಲ್ಲಿನ ಕಡಲ ದಡದ ಊರು, ಲಿಸ್ಬನ್ನಿನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ಕೆಳಗೆ ಮರಳು, ಅಂಗಡಿಗಳು, ಬಿಳಿ ಗೋಡೆಯ ಮನೆಗಳು. ಮೇಲೆ ನೂರು ಮೀಟರಿಗೂ ಜಾಸ್ತಿ ಎತ್ತರದ ಬಂಡೆ. ಆ ಬಂಡೆಯ ನೆತ್ತಿಯಲ್ಲಿರುವ ಭಾಗಕ್ಕೆ ಸೀತಿಯು ಅಂತಾರೆ. ಹತ್ತಲು 1889ರಿಂದ ಹಳಿಯ ಮೇಲೆ ಹಗ್ಗ ಎಳೆಯುವ ಗಾಡಿ ಇದೆ.

ಸೀತಿಯುವಿನ ಕಥೆ ಹೇಳದಿದ್ದರೆ ನಮ್ಮ ಮಾಷ್ಟ್ರು ಬಿಡಲಿಕ್ಕಿಲ್ಲ. 1182ರಲ್ಲಿ ದೊಂ ಫುವಾಸ್ ರೂಪಿನ್ಯು ಎಂಬ ಸರದಾರ ಮಂಜಿನಲ್ಲಿ ಜಿಂಕೆಯ ಹಿಂದೆ ಕುದುರೆ ಓಡಿಸಿದನಂತೆ. ಜಿಂಕೆ ಪ್ರಪಾತಕ್ಕೆ ಬಿತ್ತು. ಅವನು ಮಾತೆ ಮರಿಯಮ್ಮನನ್ನು ಕೂಗಿದ, ಕುದುರೆ ಅಂಚಿನಲ್ಲೇ ನಿಂತಿತು. ಆ ಜಾಗದಲ್ಲಿ ಒಳಗೆಲ್ಲ ನೀಲಿ ಹೆಂಚು ಹೊದೆಸಿದ ಪುಟ್ಟ ಗುಡಿ ಇದೆ, ನಾಲ್ಕು ಜನ ನಿಂತರೆ ತುಂಬಿತು. ಪಕ್ಕದಲ್ಲಿ ವಾಸ್ಕೋ ಡ ಗಾಮನ ನೆನಪಿನ ಕಲ್ಲು. ಇಂಡಿಯಾಕ್ಕೆ ಹೊರಡುವ ಮುಂಚೆ ಇಲ್ಲಿಗೆ ಹರಕೆಗೆ ಬಂದಿದ್ದ ಅಂತ ಊರವರ ನಂಬಿಕೆ. ಅದೇ ಮನುಷ್ಯ 1498ರಲ್ಲಿ ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಕ್ಕೆ ಇಳಿದ ಅಂತ ನಮ್ಮಲ್ಲಿ ಹೇಳ್ತಾರಲ್ಲ. ಆ ಕಲ್ಲಿನ ಮುಂದೆ ನಿಂತಾಗ ಮಲ್ಪೆ ತುಂಬ ಹತ್ತಿರ ಇದೆ ಅನಿಸಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಮರಳು. ಅಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ. ಮರದ ಚೌಕಟ್ಟಿಗೆ ಬಲೆ ಬಿಗಿದು, ಅದರ ಮೇಲೆ ಸೀಳಿದ ಮೀನು ಸಾಲಾಗಿ ಹರಡಿರುತ್ತದೆ. ಜಾಸ್ತಿ ಕರಪಾವ್, ನೋಡಲು ನಮ್ಮ ಬಂಗುಡೆಯ ಹಾಗೆ, ಕಣ್ಣು ದೊಡ್ಡದು. ಒಬ್ಬ ಅಜ್ಜಿ ಕೆಲಸ ಮಾಡುವುದನ್ನು ನೋಡುತ್ತಾ ನಿಂತೆ. ಹೊಟ್ಟೆ ಸೀಳಿ ಕರುಳು ತೆಗೆದು, ಪುಸ್ತಕ ಬಿಡಿಸಿದಂತೆ ಬಿಡಿಸಿ, ತೊಳೆದು, ಉಪ್ಪು ನೀರಿನಲ್ಲಿ ಅದ್ದಿ, ಬಲೆಯ ಮೇಲೆ ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿದರು. ಮುಖ ಎತ್ತಲಿಲ್ಲ. ಹೆಬ್ಬೆರಳಿನ ಪಕ್ಕ ಉಪ್ಪು ಕಡಿದ ಬಿರುಕು. ನಿನ್ನ ಅಮ್ಮನ ಕೈ ನೆನಪಾಯಿತು.

ಹಳೆ ಹೆಂಗಸರು ಇಲ್ಲಿ ಒಂದರ ಮೇಲೊಂದು ಏಳು ಲಂಗ ತೊಡುತ್ತಾರೆ ಅಂತ ಪ್ರಸಿದ್ಧಿ. ಕಾರಣ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಹಿಡಿಸಿದ್ದು ಇದು: ಗಂಡಸರ ದೋಣಿಗೆ ಕಾಯುತ್ತಾ ಮರಳಲ್ಲಿ ಕೂತಾಗ ಮೇಲಿನ ಲಂಗ ತಲೆಗೆ ಹೊದೆಯಲು, ಉಳಿದದ್ದು ಕಾಲು ಬೆಚ್ಚಗಿಡಲು. ಯಾಕೆ ಅಷ್ಟು ಕಾಯಬೇಕು ಅಂದರೆ ಬಂದರು ಇರಲಿಲ್ಲ. ಇಲ್ಲಿ ಬಂದರು ಆದದ್ದು 1980ರ ದಶಕದಲ್ಲಿ. ಅಲ್ಲಿಯವರೆಗೆ ದೋಣಿಯನ್ನು ಮರಳಿನಿಂದಲೇ ಅಲೆಗೆ ಎದುರಾಗಿ ನೂಕಬೇಕು, ವಾಪಸ್ ಬರುವಾಗ ಅಲೆ ಒಡೆಯುವ ಜಾಗ ದಾಟಿ ಬರಬೇಕು. ಎಳೆಯಲು ಎತ್ತು ಕಟ್ಟುತ್ತಿದ್ದರು. ಎಷ್ಟೋ ದೋಣಿ ದಡ ಕಾಣುವ ದೂರದಲ್ಲೇ ಮಗುಚಿದವು, ಮನೆಯವರ ಕಣ್ಣೆದುರೇ. ಹೊಳೆ ಕಡಲಿಗೆ ಸೇರುವ ಅಳಿವೆಯನ್ನು ಬೋಟಿನಲ್ಲಿ ದಾಟುವ ನಿನಗೆ ಇದನ್ನು ನಾನು ಬಿಡಿಸಿ ಹೇಳಬೇಕಾ? ದಡದಿಂದ ಎಳೆಯುವ ಅವರ ಶಾವೆಗ ಬಲೆಯೂ ಅಷ್ಟೇ, ನಮ್ಮ ಕೈರಂಪಣಿ ಬಲೆಯದೇ ಕ್ರಮ.

ಈಗ ಬಂಡೆಯ ಉತ್ತರಕ್ಕೆ ಬಾ. ಅಲ್ಲಿ 1577ರ ಕಾಲದ ಕೋಟೆ, ಅದರ ಮೇಲೆ ದೀಪಸ್ತಂಭ. ದಾರಿಯಲ್ಲಿ ಜಿಂಕೆ ತಲೆಯ, ಮನುಷ್ಯನ ಮೈಯ, ಕೈಯಲ್ಲಿ ಸರ್ಫ್ ಹಲಗೆ ಹಿಡಿದ ಪ್ರತಿಮೆ. ಕೋಟೆಯ ಮುಂದೆ ಕಡಲಿನ ತಳದಲ್ಲಿ ದೊಡ್ಡ ಕಣಿವೆ ಇದೆ, ಕೆಲವು ಕಡೆ ಸುಮಾರು 5 ಕಿ.ಮೀ. ಆಳ, ದಡದ ಹತ್ತಿರದವರೆಗೂ ಬಂದಿದೆ. ಅಟ್ಲಾಂಟಿಕ್‌ನ ಅಲೆ ಕಣಿವೆಯ ಮೇಲೆ ವೇಗ ಕಳೆದುಕೊಳ್ಳದೆ ಬರುತ್ತದೆ. ಪಕ್ಕದ ಕಡಿಮೆ ಆಳದಲ್ಲಿ ಬರುವ ಅಲೆ ನಿಧಾನವಾಗುತ್ತದೆ. ಎರಡೂ ಕೋಟೆಯ ಎದುರು ಕೂಡಿದಾಗ ಒಂದರ ಮೇಲೊಂದು ಏರಿ ಗೋಡೆಯಾಗುತ್ತದೆ. 2011ರಲ್ಲಿ ಅಮೆರಿಕದ ಸರ್ಫರ್ ಗ್ಯಾರೆಟ್ ಮೆಕ್‌ನಮಾರ ಇಲ್ಲಿ 78 ಅಡಿಯ ಅಲೆ ಇಳಿದ ಮೇಲೆ ಊರಿಗೆ ಹೆಸರು ಬಂತು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಜನ ಬಂಡೆಯ ತುಂಬ.

ನಾನು ಹೋದ ದಿನವೂ ಜನ ಇದ್ದರು. ಅಲೆ ಎದ್ದಾಗ ಎಲ್ಲರೂ ಕೂಗಿದರು, ಚಪ್ಪಾಳೆ ತಟ್ಟಿದರು. ನನ್ನ ಕಾಲು ನಡುಗಿತು ದಿನೇಶ. ಕಡಲಿಗೆ ಬೆನ್ನು ಹಾಕಿ ಕೋಟೆಯ ಗೋಡೆ ನೋಡುತ್ತಾ ನಿಂತೆ. ಅಲೆ ಇಳಿಯುವವರ ಧೈರ್ಯದ ಬಗ್ಗೆ ನನಗೆ ಗೌರವ ಇದೆ. ಆದರೆ ಇದೇ ಊರಿನಲ್ಲಿ ಆ ಅಲೆಯ ಸದ್ದಿಗೆ ಹೆಂಗಸರು ಮರಳಿಗೆ ಓಡುತ್ತಿದ್ದರು. ಪರಂಪರೆ ಅಂತ ಲಂಗ, ದೋಣಿ, ಹೆಂಚು ಎಲ್ಲ ಕಾಣುತ್ತದೆ. ಆ ಕಾಯುವುದು ಕಾಣುವುದಿಲ್ಲ. ನನಗೆ ಇಲ್ಲಿಯ ನಿಜವಾದ ಪರಂಪರೆ ಅದೇ.

ಆ ಜೂನ್ ರಾತ್ರಿ ನಿನಗೆ ನೆನಪಿದೆಯಲ್ಲ. ದೊಡ್ಡ ಬೋಟುಗಳಿಗೆ ಮಳೆಗಾಲದ ರಜೆ, ನನ್ನ ಅಪ್ಪ ನಾಡದೋಣಿಯಲ್ಲಿ ಹೋದವರು ರಾತ್ರಿ ವಾಪಸ್ ಬರಲಿಲ್ಲ. ಬೆಳಿಗ್ಗೆ ಬೇರೆ ಊರಿನ ದಡ ಸೇರಿದ ಸುದ್ದಿ ಬಂತು, ನೀವೆಲ್ಲ ಕುಣಿದಿರಿ. ರಾತ್ರಿ ಇಡೀ ಅಮ್ಮ ಮಳೆಯಲ್ಲಿ ಮಾತಾಡದೆ ಕೂತಿದ್ದರು. ಕೊಡೆ ಕೊಟ್ಟರೆ ಹಿಡಿಯಲಿಲ್ಲ. ಪಿಯುಸಿ ಆದ ಮೇಲೆ ನಾನು ಊರು ಬಿಟ್ಟಿದ್ದು ಓದಿಗೆ ಅಂತ ನಿನಗೂ ಹೇಳಿದ್ದೆ. ಓದಿಗಲ್ಲ. ನನಗೋಸ್ಕರ ಯಾರೂ ಹಾಗೆ ಕೂರಬಾರದು ಅಂತ ಹೋದೆ. ಈಗ ಏನಾಗಿದೆ ಗೊತ್ತಾ, ನೀನು ಕಡಲಿಗೆ ಹೋಗುವ ದಿನಗಳಲ್ಲಿ ನಾನು ಇಲ್ಲಿ ಆಫೀಸಿನಲ್ಲಿ ಕೂತು ಮಲ್ಪೆಯ ಗಾಳಿ ಎಷ್ಟಿದೆ ಅಂತ ಮೊಬೈಲಿನಲ್ಲಿ ನೋಡುತ್ತಿರುತ್ತೇನೆ. ಇದನ್ನು ಬರೆಯಬೇಕು ಅಂತ ಇರಲಿಲ್ಲ. ಬಂದುಬಿಟ್ಟಿತು, ಇರಲಿ.

ಸರಿ, ಮೀನಿನ ವಿಷಯ. ಆ ಅಜ್ಜಿಯ ಹತ್ತಿರ ಒಣ ಕರಪಾವ್ ತಂದು ಕಾವಲಿಯಲ್ಲಿ ಸುಟ್ಟೆ. ತುಂಬ ಚೆನ್ನಾಗಿತ್ತು, ಆದರೆ ಅತ್ತಿಗೆಯ ಒಣಸಿಗಡಿ ಚಟ್ನಿಯ ಹತ್ತಿರವೂ ಬರುವುದಿಲ್ಲ ಅಂತ ಅವರಿಗೆ ಹೇಳು. ಹುರಿದ ಮೆಣಸು ಎಷ್ಟು, ಹುಳಿ ಎಷ್ಟು ಅಂತ ಸರಿಯಾಗಿ ಕೇಳಿ ಬರೆದು ಕಳಿಸು. ನೀನೇ ಅಂದಾಜಿನ ಮೇಲೆ ಹೇಳಬೇಡ.

ನಿನ್ನ,
ಸುರೇಶ