ಗಾಡಿ ಮಾರಬೇಡಿ ಅಪ್ಪಾಜಿ

ಸಿಂಗಪುರ
ಭಾನುವಾರ ರಾತ್ರಿ

ಅಪ್ಪಾಜಿಗೆ, ಅಮ್ಮನಿಗೆ ನಮಸ್ಕಾರ.

ನಾನು ಆರಾಮಾಗಿದ್ದೇನೆ. ಅಜ್ಜಿಯ ಮಂಡಿನೋವು ಹೇಗಿದೆ? ಸೀತಕ್ಕ ಕಳಿಸಿದ ಚಟ್ನಿಪುಡಿ ಮುಗಿಯುತ್ತಾ ಬಂತು.

ಅಮ್ಮನ ಪತ್ರ ಶುಕ್ರವಾರ ಸಿಕ್ಕಿತು. ಅಪ್ಪಾಜಿ, ಫೋನಿನಲ್ಲಿ ನೀವು "ಎಲ್ಲಾ ಸರಿ ಇದೆ, ಊಟ ಆಯ್ತಾ" ಅಂತ ಕೇಳಿ ಇಟ್ಟುಬಿಡುತ್ತೀರಿ. ಪತ್ರದಲ್ಲಿ ನೋಡಿದರೆ ಬೇರೆಯೇ ಇದೆ. ರಸ್ತೆ ಅಗಲ ಆಗುತ್ತೆ, ಬಜ್ಜಿ ಗಾಡಿ ತೆಗೆಯಿರಿ ಅಂತ ಯಾರೋ ಬಂದು ಹೇಳಿ ಹೋದರಂತೆ. ನೀವು ಎರಡು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲವಂತೆ. ಗಾಡಿಗೆ ಗಿರಾಕಿಯನ್ನೂ ನೋಡಿದ್ದೀರಂತೆ. ಓದಿ ನನಗೆ ಕೈಕಾಲು ಆಡಲಿಲ್ಲ.

ಮಾರಬೇಡಿ. ಮೊದಲು ಈ ಒಂದು ಮಾತು ಕೊಡಿ.

ಇವತ್ತು ಹಗಲು ಬಿಡುವಿತ್ತು, ಟೆಕ್ಕಾ ಸೆಂಟರಿಗೆ ಹೋಗಿದ್ದೆ. ಒಂದೇ ಸೂರಿನ ಕೆಳಗೆ ಸಾಲು ಸಾಲು ತಿಂಡಿ ಅಂಗಡಿಗಳು. ಇವರೂ ಹಿಂದೆ ನಮ್ಮ ಹಾಗೆ ಬೀದಿಯಲ್ಲಿ ಗಾಡಿ ಇಟ್ಟವರೇ. 1970, 80ರ ದಶಕಗಳಲ್ಲಿ ಸರ್ಕಾರ ಎಬ್ಬಿಸಿತು. ಆದರೆ ಸುಮ್ನೆ ಎಬ್ಬಿಸಲಿಲ್ಲ. ನೀರು, ಚರಂಡಿ, ಸೂರು ಎಲ್ಲಾ ಇರುವ ಜಾಗ ಕಟ್ಟಿಸಿಕೊಟ್ಟಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊದವರು ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿದರು. ಕಟ್ಟಡವನ್ನಲ್ಲ ಅಪ್ಪಾಜಿ. ಅಲ್ಲಿ ಅಡುಗೆ ಮಾಡುವವರ ಕೈಗುಣ, ಎಲ್ಲಾ ಜಾತಿ ಭಾಷೆಯವರು ಒಟ್ಟಿಗೆ ಕೂತು ತಿನ್ನುವ ರೂಢಿ, ಅದನ್ನು. ಆ ಮಾತು ಓದಿದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಗಾಡಿಯ ಬೆಂಚು.

ಇಲ್ಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟು ಹೋದರೆ ಸಾಕು, ಆ ಸೀಟು ನಿಮ್ಮದು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಹಾಗೇ! ತಿಂದ ತಟ್ಟೆಯನ್ನು ನಾವೇ ಎತ್ತಿಡಬೇಕು, ಇಲ್ಲದಿದ್ದರೆ ದಂಡ. ಬಾಳೆಹಣ್ಣಿನ ಬಜ್ಜಿಯನ್ನೂ ಮಾಡುತ್ತಾರೆ. ಚೆನ್ನಾಗಿರುತ್ತೆ. ಆದರೆ ನಿಮ್ಮ ಮೆಣಸಿನಕಾಯಿ ಬಜ್ಜಿಯ ಹತ್ತಿರಕ್ಕೂ ಬರಲ್ಲ.

ಓಂಕಾಳು ಎಷ್ಟು, ಅಕ್ಕಿಹಿಟ್ಟು ಎಷ್ಟು, ಸೀಳಿದ ಮೆಣಸಿನಕಾಯಿಗೆ ಹುಣಸೆರಸ ಎಷ್ಟು ಸವರಬೇಕು, ಎಲ್ಲೂ ಬರೆದಿಲ್ಲ. ಅಜ್ಜನ ಕೈಯಿಂದ ನಿಮ್ಮ ಕೈಗೆ ಬಂದದ್ದು. ಆಷಾಢದ ಮಳೆಯಲ್ಲಿ ಟಾರ್ಪಾಲಿನ ಕೆಳಗೆ ಅಡಿಕೆ ಮಂಡಿಗೆ ಬಂದ ಸಾಹುಕಾರರೂ ಮೂಟೆ ಹೊರುವ ಹಮಾಲರೂ ಭುಜಕ್ಕೆ ಭುಜ ತಾಗಿಸಿ ನಿಂತು ಮಸಾಲೆ ಮಂಡಕ್ಕಿ ತಿನ್ನುತ್ತಿದ್ದರು. ತೀರ್ಥಹಳ್ಳಿ ಕಡೆಯ ಹೆಂಗಸರು ನಮ್ಮ ಗಾಡಿಯ ಕೆಳಗೆ ಚೀಲ ಇಟ್ಟು ಪೇಟೆ ಸುತ್ತಿ ಬರುತ್ತಿದ್ದರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರು ಆಸ್ಪತ್ರೆಯಲ್ಲಿದ್ದಾರೆ ಅನ್ನುವುದು ಮೊದಲು ತಿಳಿಯುತ್ತಿದ್ದುದು ನಿಮಗೇ. ಇಷ್ಟೆಲ್ಲಾ ಇರುವ ಗಾಡಿಗೆ ಏನು ಬೆಲೆ ಕಟ್ಟುತ್ತೀರಿ?

ಈಗ ಗಮನವಿಟ್ಟು ಓದಿ. ನಮ್ಮ ದೇಶದಲ್ಲೂ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಬೇರೆ ಕಡೆ ಹೋಗಿ ಅನ್ನಬೇಕಾದರೆ 30 ದಿನ ಮೊದಲೇ ನೋಟೀಸು ಕೊಡಬೇಕು. ಬಾಯಿಮಾತು ನಡೆಯಲ್ಲ. ಐವತ್ತು ವರ್ಷ ಮೀರಿದ ಬೀದಿ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿಯವರನ್ನು ಎಬ್ಬಿಸಬಾರದು ಅಂತಲೂ ಅದರಲ್ಲಿದೆ. ನಿಮಗೆ ಈಗ 58. ನೀವು ಹುಟ್ಟುವ ಮೊದಲೇ ಅಜ್ಜ ಅಲ್ಲಿ ಬಾಣಲೆ ಇಟ್ಟಿದ್ದರು, ಅಲ್ವಾ? ಹೂವಿನವರು, ಕಡಲೆಕಾಯಿಯವರು, ಟೀ ಅಂಗಡಿಯವರು, ಎಲ್ಲರೂ ಆಗಿನವರೇ. ಸಾಲಿನವರೆಲ್ಲಾ ಒಟ್ಟಿಗೆ ಹೋಗಿ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಗೆ ಅರ್ಜಿ ಕೊಡಿ. ಸಮಿತಿಯಲ್ಲಿ ನೂರಕ್ಕೆ 40 ಜನವಾದರೂ ಬೀದಿ ವ್ಯಾಪಾರಿಗಳೇ ಇರಬೇಕು. ಒಬ್ಬರೇ ಹೋಗಬೇಡಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ.

ದುಡ್ಡಿನ ಚಿಂತೆ ಬಿಡಿ. ಈ ತಿಂಗಳು ಜಾಸ್ತಿ ಕಳಿಸುತ್ತೇನೆ. ನನಗೆ ಏನೂ ಕಷ್ಟವಿಲ್ಲ. ಇರಲು ರೂಮು ಕೊಟ್ಟಿದ್ದಾರೆ, ಓವರ್‌ಟೈಮ್ ಇದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ನಿದ್ದೆಯೂ ಚೆನ್ನಾಗಿ ಬರುತ್ತೆ. ನಿಜವಾಗಿಯೂ ಆರಾಮಾಗಿದ್ದೇನೆ ಅಮ್ಮ, ಅಳಬೇಡ.

ನೈಟ್ ಶಿಫ್ಟಿಗೆ ಹೊತ್ತಾಯಿತು. ಗಾಡಿ ಅಷ್ಟು ಹಳೆಯದು ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ, ಅಜ್ಜ ಕೂಡಿಟ್ಟ ಸುಂಕದ ಚೀಟಿಗಳು ಅಟ್ಟದ ಟ್ರಂಕಿನಲ್ಲಿವೆ. ಮಂಜನಿಗೆ ಹೇಳಿ ನಾಳೆಯೇ ಇಳಿಸಿ, ಒಂದೊಂದರದ್ದೂ ಫೋಟೊ ಕಳಿಸಲಿ. ಕೀಲಿ ದೇವರ ಗೂಡಿನಲ್ಲಿದೆ.

ನಿಮ್ಮ ಮಗಳು,
ಸುಮಾ